ವಿಂಡೋಸ್ 7ರಲ್ಲಿ ನೆಟ್‌ವರ್ಕ್ ಡ್ರೈವರ್ ಕೂರುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು: ಡಿಟಿಪಿ ಅಂಗಡಿ, ಗದಗ ಕಡೆ

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಹಳೆ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಹೋಯಿತು. ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ 7, 32 ಬಿಟ್, ಮತ್ತೆ ಕೂರಿಸಿದ್ದೇನೆ. ದಯವಿಟ್ಟು ವಿಂಡೋಸ್ 10 ಹಾಕಿ ಅನ್ನಬೇಡಿ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ, ಹಳೆ ಪ್ರಿಂಟರ್, ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆ ಫೈಲ್‌ಗಳು, ಎಲ್ಲವೂ ಇದರ ಮೇಲೇ ನಿಂತಿವೆ. ಈಗ ಉಳಿದೆಲ್ಲ ಸರಿ, ನೆಟ್ ಮಾತ್ರ ಇಲ್ಲ, ನೆಟ್‌ವರ್ಕ್ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೂರುತ್ತಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಈಥರ್ನೆಟ್ ಕಂಟ್ರೋಲರ್’ ಅಂತ ಹಳದಿ ಗುರುತು, ಕೋಡ್ 28, ಅಂದರೆ ಡ್ರೈವರ್ ಇಲ್ಲ. ಮದರ್‌ಬೋರ್ಡ್ ಜೊತೆ ಬಂದ ಸಿಡಿ ಎಲ್ಲಿದೆಯೋ ದೇವರಿಗೇ ಗೊತ್ತು. ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದೆ, ಅದಕ್ಕೂ ಡ್ರೈವರ್ ಕೇಳುತ್ತಿದೆ. ಡ್ರೈವರ್‌ಗೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಏನು ಮಾಡಲಿ?

ಉತ್ತರ: ಕಂಪ್ಯೂಟರ್ ರಿಪೇರಿ, ಹಾವೇರಿ

ಮೊದಲು ಬೋರ್ಡ್ ಹೆಸರು ಹುಡುಕುವುದನ್ನು ಬಿಡಿ. ಒಂದೇ ಬೋರ್ಡ್ ಹೆಸರಿನಲ್ಲಿ ಬೇರೆ ಬೇರೆ ಲಾಟ್‌ಗೆ ಬೇರೆ ಬೇರೆ ಲ್ಯಾನ್ ಚಿಪ್ (ಕೇಬಲ್ ನೆಟ್‌ವರ್ಕ್‌ನ ಚಿಪ್) ಇರುತ್ತದೆ. ಆ ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ಪಿಸಿಐ, ವೆನ್, ಡೆವ್ ಅಂತ ಒಂದು ಉದ್ದ ಸಾಲು ಬರುತ್ತದೆ. ಅದರ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಇಡೀ ಕೆಲಸ ನಿಂತಿರುವುದು ಈ ಸಾಲಿನ ಮೇಲೆ.

ವೆನ್ ಮುಂದಿನ ನಾಲ್ಕು ಅಕ್ಷರ ಚಿಪ್ ಮಾಡಿದ ಕಂಪನಿ. 10ಇಸಿ ಅಂದ್ರೆ ರಿಯಲ್‌ಟೆಕ್, 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 1969 ಅಥೆರೋಸ್‌ನ ವೈರ್ಡ್ ಲ್ಯಾನ್, 11ಎಬಿ ಮಾರ್ವೆಲ್. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಪಿಸಿಗಳಲ್ಲಿ ಜಾಸ್ತಿ ಸಿಗುವುದು ರಿಯಲ್‌ಟೆಕ್. ಡೆವ್ 8168 ಇದ್ದರೆ ಗಿಗಾಬಿಟ್ ಕಾರ್ಡ್, 8136 ಇದ್ದರೆ 100 ಎಂಬಿಪಿಎಸ್ ಕಾರ್ಡ್, 8139 ಇದ್ದರೆ ತುಂಬಾ ಹಳೆಯದು. ಕೊನೆಯಲ್ಲಿ ರೆವ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನೂ ನೋಡಿ. ವಿಂಡೋಸ್ 7 ಬಂದದ್ದು 2009ರಲ್ಲಿ, ಅದರ ಹೊಟ್ಟೆಯಲ್ಲಿರುವ ಡ್ರೈವರ್‌ಗೆ ಆ ಕಾಲದ ರಿವಿಷನ್‌ಗಳು ಮಾತ್ರ ಗೊತ್ತು. ಅದೇ 8168 ಆದರೂ ಆಮೇಲಿನ ರಿವಿಷನ್ ಬಂದರೆ ನನಗೆ ಪರಿಚಯವೇ ಇಲ್ಲ ಅನ್ನುತ್ತದೆ.

ಐಡಿ ಸಿಕ್ಕ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಕೂತು ಚಿಪ್ ಕಂಪನಿಯ ಸೈಟ್‌ನಿಂದ ವಿಂಡೋಸ್ 7ರ ಡ್ರೈವರ್ ಇಳಿಸಿ. 32 ಬಿಟ್‌ಗೆ 32ರದ್ದೇ ಬೇಕು. ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಫೋನಿನಲ್ಲೇ ಇಳಿಸಿ, ಓಟಿಜಿ ಅಡಾಪ್ಟರ್ ಹಾಕಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಪೆನ್‌ಡ್ರೈವ್ ಅನ್ನು ನೀಲಿ ಬಣ್ಣದ ಯುಎಸ್‌ಬಿ ಪೋರ್ಟ್‌ಗೆ ಹಾಕಬೇಡಿ, ಕಪ್ಪು ಪೋರ್ಟ್‌ಗೆ ಹಾಕಿ. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಕ್ಕೆ ಸ್ವಂತ ಡ್ರೈವರ್ ಇಲ್ಲ, ನೀಲಿ ಪೋರ್ಟ್ ಸತ್ತಂತೆ ಕೂತಿರುತ್ತದೆ, ಜನ ಸುಮ್ನೆ ಪೆನ್‌ಡ್ರೈವ್ ಹಾಳಾಗಿದೆ ಅಂತ ಬೈಯುತ್ತಾರೆ.

ಉತ್ತರ: ಕಾಲೇಜು ಲ್ಯಾಬ್ ನೋಡಿಕೊಳ್ಳುವವನು, ಶಿವಮೊಗ್ಗ

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಚಿಪ್ ಕಂಪನಿಗಳು ಹಳೆ ಫೈಲ್‌ಗಳನ್ನು ಯಾವಾಗ ಬೇಕಾದರೂ ತೆಗೆದುಹಾಕುತ್ತವೆ. ಆಗ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅಂತ ಒಂದು ಪುಟ ಇದೆ, ಅಲ್ಲಿ ಹಾರ್ಡ್‌ವೇರ್ ಐಡಿಯ ವೆನ್, ಡೆವ್ ಭಾಗವನ್ನೇ ಹುಡುಕುವ ಪೆಟ್ಟಿಗೆಗೆ ಹಾಕಿ. ವಿಂಡೋಸ್ 7 ಅಂತ ಬರೆದಿರುವ ಸಾಲು ನೋಡಿ ಇಳಿಸಿ. ಕ್ಯಾಬ್ ಫೈಲ್ ಸಿಗುತ್ತದೆ, 7-ಜಿಪ್‌ನಲ್ಲಿ ಬಿಚ್ಚಿದರೆ ಒಳಗೆ ಐಎನ್‌ಎಫ್, ಎಸ್‌ವೈಎಸ್ ಫೈಲ್‌ಗಳು. ಸೆಟಪ್ ಇರುವುದಿಲ್ಲ, ಗಾಬರಿ ಬೇಡ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’, ಆ ಫೋಲ್ಡರ್ ತೋರಿಸಿ. ನಿಜ ಹೇಳಬೇಕೆಂದರೆ ನನಗೆ ಸೆಟಪ್‌ಗಿಂತ ಈ ದಾರಿಯೇ ಇಷ್ಟ. ಬೇಡದ ಟ್ರೇ ಐಕಾನ್, ಯುಟಿಲಿಟಿ ಯಾವುದೂ ಬಂದು ಕೂರುವುದಿಲ್ಲ.

‘ಸರ್ಚ್ ಆಟೋಮ್ಯಾಟಿಕಲಿ’ ಒತ್ತಿ ಕಾಯುತ್ತಾ ಕೂರಬೇಡಿ. ನೆಟ್ ಇದ್ದರೂ ಅದು ಸಿಗುವುದಿಲ್ಲ. ಫೈಲ್ ಅಸಲಿ ಅಂತ ತೋರಿಸುವ ಹಳೆ ಎಸ್‌ಎಚ್‌ಎ-1 ಡಿಜಿಟಲ್ ಸಹಿಯ ಮೇಲೆ ನಡೆಯುತ್ತಿದ್ದ ಅಪ್‌ಡೇಟ್ ಸರ್ವರ್‌ಗಳನ್ನು 2020ರಲ್ಲಿ ಮುಚ್ಚಿದರು. ಹೊಸದಾಗಿ ಕೂರಿಸಿದ ವಿಂಡೋಸ್ 7ಕ್ಕೆ ಅದರ ನಂತರದ ಎಸ್‌ಎಚ್‌ಎ-2 ಗೊತ್ತೇ ಇಲ್ಲ.

ಉತ್ತರ: ವೈರ್‌ಗಿಂತ ವೈಫೈ ಹುಚ್ಚು ಜಾಸ್ತಿ ಇರುವವಳು, ಮೈಸೂರು

ಡಾಂಗಲ್ ಬಗ್ಗೆ ಯಾರೂ ಹೇಳಲಿಲ್ಲ. ಪೆಟ್ಟಿಗೆ ಮೇಲಿನ ಮಾಡೆಲ್ ನಂಬರ್ ನಂಬಬೇಡಿ, ಹಿಂದೆ ಅಂಟಿಸಿರುವ ಚೀಟಿಯಲ್ಲಿ ವರ್ಷನ್ ನೋಡಿ. ಉದಾಹರಣೆಗೆ ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಮೊದಲ ವರ್ಷನ್‌ನಲ್ಲಿ ಅಥೆರೋಸ್ ಚಿಪ್, ಎರಡು ಮತ್ತು ಮೂರನೇ ವರ್ಷನ್‌ನಲ್ಲಿ ರಿಯಲ್‌ಟೆಕ್ 8188. ಹೆಸರು ಒಂದೇ, ಡ್ರೈವರ್ ಬೇರೆ. ಯುಎಸ್‌ಬಿ ಆದ್ದರಿಂದ ಐಡಿಯಲ್ಲಿ ವೆನ್, ಡೆವ್ ಬದಲು ವಿಡ್, ಪಿಡ್ ಅಂತ ಇರುತ್ತದೆ. ವಿಡ್ 0ಬಿಡಿಎ ಬಂದರೆ ರಿಯಲ್‌ಟೆಕ್, 148ಎಫ್ ಬಂದರೆ ರಾಲಿಂಕ್.

ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ಸಿಡಿ ಡ್ರೈವ್ ಥರ ಕಾಣಿಸುತ್ತವೆ. ಡ್ರೈವರ್ ಅದರೊಳಗೇ ಇರುತ್ತದೆ, ಮೈ ಕಂಪ್ಯೂಟರ್ ತೆಗೆದು ನೋಡಿ. ಇನ್ನೊಂದು, ಅಗ್ಗದ ಡಾಂಗಲ್ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ, ಅಥವಾ ವೈಫೈ ಭದ್ರತೆಯಲ್ಲಿ ಹೊಸ ಡಬ್ಲ್ಯುಪಿಎ3 ಒಂದನ್ನೇ ಇಟ್ಟಿದ್ದರೆ, ಡ್ರೈವರ್ ಎಷ್ಟು ಸರಿಯಾಗಿ ಕೂತರೂ ನಿಮ್ಮ ವೈಫೈಗೆ ಅದು ಸೇರುವುದಿಲ್ಲ. ರೌಟರ್‌ನಲ್ಲಿ ಡಬ್ಲ್ಯುಪಿಎ2 ಎಇಎಸ್ ಇಡಿ.

ಉತ್ತರ: ಕಂಪ್ಯೂಟರ್ ರಿಪೇರಿ, ಹಾವೇರಿ

ಮೇಡಂ ಹೇಳಿದ್ದಕ್ಕೆ ಬಾಲ. 64 ಬಿಟ್ ವಿಂಡೋಸ್ 7 ಇದ್ದವರು ಇದನ್ನು ಓದುತ್ತಿದ್ದರೆ, ಡ್ರೈವರ್ ಹಾಕಿದ ಮೇಲೆ ಕೋಡ್ 52 ಬಂತು ಅಂದರೆ ಅದು ಸಹಿ ತಕರಾರು. ಸರ್ವಿಸ್ ಪ್ಯಾಕ್ 1 ಇರಬೇಕು, ಆಮೇಲೆ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕೆಬಿ4490628, ಅದರ ಮೇಲೆ ಕೆಬಿ4474419, ಇದೇ ಕ್ರಮದಲ್ಲಿ. ಎರಡೂ ಕ್ಯಾಟಲಾಗ್‌ನಲ್ಲೇ ಸಿಗುತ್ತವೆ. ಎಫ್8 ಒತ್ತಿ ಸಹಿ ತಪಾಸಣೆ ನಿಲ್ಲಿಸುವ ದಾರಿ ಇದೆ, ಆದರೆ ಪ್ರತಿ ಸಲ ಆನ್ ಮಾಡುವಾಗ ಅದನ್ನೇ ಮಾಡಬೇಕು, ಅಂಗಡಿಯಲ್ಲಿ ಗಿರಾಕಿ ಎದುರಿಗೆ ನಿಂತಿರುವಾಗ ಆಗುವ ಕೆಲಸವಲ್ಲ. ಕೇಳಿದವರದು 32 ಬಿಟ್, ಆದ್ದರಿಂದ ಕೆಂಪು ಎಚ್ಚರಿಕೆ ಬರಬಹುದು, ‘ಇನ್‌ಸ್ಟಾಲ್ ಎನಿವೇ’ ಒತ್ತಿದರೆ ಮುಂದೆ ಹೋಗುತ್ತದೆ. ಫೈಲ್ ನಂಬುವ ಜಾಗದಿಂದ ತಂದಿದ್ದರೆ ಮಾತ್ರ.

ಉತ್ತರ: ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಇಷ್ಟೆಲ್ಲ ಯಾಕೆ? ಆಂಡ್ರಾಯ್ಡ್ ಫೋನ್‌ಗೆ ಡೇಟಾ ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನೇ ನೆಟ್‌ವರ್ಕ್ ಕಾರ್ಡ್ ಆಗುತ್ತದೆ. ವಿಂಡೋಸ್ 7 ತಾನಾಗಿ ಗುರುತಿಸದಿದ್ದರೆ ಅಪ್‌ಡೇಟ್ ಡ್ರೈವರ್‌ಗೆ ಹೋಗಿ, ಪಟ್ಟಿಯಿಂದ ಆರಿಸುತ್ತೇನೆ ಅನ್ನಿ, ನೆಟ್‌ವರ್ಕ್ ಅಡಾಪ್ಟರ್ಸ್, ಮೈಕ್ರೋಸಾಫ್ಟ್ ಕಾರ್ಪೊರೇಷನ್, ‘ರಿಮೋಟ್ ಎನ್‌ಡಿಐಎಸ್ ಕಂಪ್ಯಾಟಿಬಲ್ ಡಿವೈಸ್’. ಎಚ್ಚರಿಕೆ ಬಂದರೆ ‘ಯೆಸ್’ ಅನ್ನಿ. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್ ಆದರೆ ಆಗುವುದಿಲ್ಲ.

ಕಾರ್ಡೇ ಸತ್ತಿದೆಯಾ ಅಂತ ಅನುಮಾನ ಇದ್ದರೆ ಲಿನಕ್ಸ್ ಮಿಂಟ್ ಥರದ್ದನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡಬೇಡಿ. ಪ್ರೊಸೆಸರ್ 64 ಬಿಟ್ ಇದ್ದರೆ ಸಾಕು, ಒಳಗಿನ ವಿಂಡೋಸ್ 32 ಆದರೂ ತೊಂದರೆ ಇಲ್ಲ. ಹಳೆ ರಿಯಲ್‌ಟೆಕ್, ಇಂಟೆಲ್ ಕಾರ್ಡ್‌ಗಳಿಗೆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಅಲ್ಲಿ ನೆಟ್ ಬಂದರೆ ಕಾರ್ಡ್, ಕೇಬಲ್, ರೌಟರ್ ಮೂರೂ ಸರಿ, ತೊಂದರೆ ವಿಂಡೋಸ್ ಒಳಗೆ ಮಾತ್ರ ಅಂತ ಖಾತ್ರಿ ಆಗುತ್ತದೆ.

ಉತ್ತರ: ಹೆಸರು ಬೇಡ, ಬೆಂಗಳೂರು

ಡ್ರೈವರ್ ಪ್ಯಾಕ್ ಹಾಕಿ ಬಿಡಿ, ಎಲ್ಲಾ ಒಂದೇ ಸಲ ಆಗುತ್ತದೆ.

ಉತ್ತರ: ಕಾಲೇಜು ಲ್ಯಾಬ್ ನೋಡಿಕೊಳ್ಳುವವನು, ಶಿವಮೊಗ್ಗ

ಯಾವ ಪ್ಯಾಕ್ ಅಂತ ಹೇಳದೆ ಹೀಗೆ ಸಲಹೆ ಕೊಡಬಾರದು. ಕೆಲವು ಪ್ಯಾಕ್‌ಗಳು ಡ್ರೈವರ್ ಜೊತೆ ಬ್ರೌಸರ್, ಆಂಟಿವೈರಸ್, ಜಾಹೀರಾತು ಎಲ್ಲವನ್ನೂ ತುಂಬುತ್ತವೆ. ಬೇಕೇ ಬೇಕು ಅಂದರೆ ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್ ನೋಡಿ. ಅದರಲ್ಲಿ ನೆಟ್‌ವರ್ಕ್ ಡ್ರೈವರ್‌ಗಳನ್ನು ಮಾತ್ರ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಲ್ಯಾನ್ ಒಂದಕ್ಕೆ ಮಾತ್ರ ಟಿಕ್ ಹಾಕಿ. ಕೆಲಸ ಮಾಡುತ್ತಿರುವ ಡಿಸ್‌ಪ್ಲೇ, ಚಿಪ್‌ಸೆಟ್ ಡ್ರೈವರ್‌ಗೆ ಕೈ ಹಾಕಬೇಡಿ.

ಕೇಳಿದವರು: ಡಿಟಿಪಿ ಅಂಗಡಿ, ಗದಗ ಕಡೆ

ವೆನ್ 10ಇಸಿ, ಡೆವ್ 8136 ಅಂತ ಬಂತು. ಕ್ಯಾಟಲಾಗ್ ದಾರಿಯಲ್ಲೇ ಹೋದೆ, ಹಳದಿ ಗುರುತು ಹೋಯಿತು. ಆದರೆ ಈಗ ಎರಡು ತೊಂದರೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಕೊಟ್ಟರೆ 169.254 ಅಂತ ಶುರುವಾಗುವ ನಂಬರ್ ತೋರಿಸುತ್ತದೆ. ಕೇಬಲ್ ಅಲುಗಾಡಿಸಿದರೆ ಒಮ್ಮೊಮ್ಮೆ ಸರಿ ನಂಬರ್ ಬರುತ್ತದೆ, ಆಗಲೂ ಗೂಗಲ್ ತೆಗೆದರೆ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ.

ಉತ್ತರ: ಕಂಪ್ಯೂಟರ್ ರಿಪೇರಿ, ಹಾವೇರಿ

ಅಂದರೆ ಡ್ರೈವರ್ ಕೆಲಸ ಮುಗಿಯಿತು, ಇನ್ನು ಅದನ್ನು ಮುಟ್ಟಬೇಡಿ. ಜನ ಇಲ್ಲೇ ಡ್ರೈವರ್ ತೆಗೆದು ಮತ್ತೆ ಹಾಕಿ, ತೆಗೆದು ಮತ್ತೆ ಹಾಕಿ ತಲೆ ಕೆಡಿಸಿಕೊಳ್ಳುವುದು.

169.254 ಅಂದರೆ ರೌಟರ್‌ನಿಂದ ಉತ್ತರ ಬರಲಿಲ್ಲ, ವಿಂಡೋಸ್ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ ಅಂತ ಅರ್ಥ. ಅಲುಗಾಡಿಸಿದರೆ ಬರುತ್ತದೆ ಅಂದ ಮೇಲೆ ಕೇಬಲ್ ತುದಿಯ ಪ್ಲಗ್ ಹೊಸದಾಗಿ ಕ್ರಿಂಪ್ ಮಾಡಿಸಿ. ನಿಮ್ಮದು 100ರ ಕಾರ್ಡ್, ಅದಕ್ಕೆ ಎಂಟು ವೈರ್‌ನಲ್ಲಿ ನಾಲ್ಕು ಸಾಕು, 1, 2, 3, 6ನೇ ಪಿನ್. 8168 ಇದ್ದವರಿಗೆ ಕಥೆ ಬೇರೆ. ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ವೈರ್ ಮುರಿದಿದ್ದರೂ ಲಿಂಕ್ ಬಂದು ಹೋಗಿ ಮಾಡುತ್ತದೆ. ಅಂಥ ಕಡೆ ಕಾರ್ಡ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ‘ಸ್ಪೀಡ್ ಅಂಡ್ ಡುಪ್ಲೆಕ್ಸ್’ 100 ಫುಲ್ ಅಂತ ಇಟ್ಟರೆ ಹೊಸ ಕೇಬಲ್ ಬರುವವರೆಗೆ ಬಂಡಿ ಓಡುತ್ತದೆ. ಕೇಬಲ್ ಸರಿ ಇದ್ದರೆ ಮಾತ್ರ ಅದನ್ನು ಆಟೋ ಬಿಟ್ಟು ಬದಲಿಸಬೇಡಿ. ಒಂದು ಕಡೆ ಆಟೋ ಇನ್ನೊಂದು ಕಡೆ ಫುಲ್ ಆದರೆ ನೆಟ್ ಇದೆ ಅನಿಸುತ್ತದೆ, ಫೈಲ್ ಕಾಪಿ ಮಾಡಿದರೆ ಆಮೆ ವೇಗ.

ಅಲ್ಲೇ ಪಕ್ಕದಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದೆ. ವಿದ್ಯುತ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಗ್ರೀನ್ ಈಥರ್ನೆಟ್, ಎನರ್ಜಿ ಎಫಿಷಿಯೆಂಟ್ ಈಥರ್ನೆಟ್ ಅಂತ ಇದ್ದರೆ ಅವನ್ನೂ ಡಿಸೇಬಲ್ ಮಾಡಿ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ನೆಟ್ ಹೋಗಿತ್ತು ಅನ್ನುವ ದೂರು ಹೆಚ್ಚಾಗಿ ಇದರಿಂದಲೇ.

ಸರ್ಟಿಫಿಕೇಟ್ ವಿಷಯ: ಗಡಿಯಾರ ನೋಡಿದ್ರಾ?

ಕೇಳಿದವರು: ಡಿಟಿಪಿ ಅಂಗಡಿ, ಗದಗ ಕಡೆ

ಜನವರಿ 1, 2009 ತೋರಿಸುತ್ತಿದೆ!

ಉತ್ತರ: ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಹೋಗಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. 2009ರಲ್ಲಿ ಕೂತ ಕಂಪ್ಯೂಟರ್‌ಗೆ ಇವತ್ತಿನ ಸರ್ಟಿಫಿಕೇಟ್ ಎಲ್ಲವೂ ಇನ್ನೂ ಶುರುವೇ ಆಗಿಲ್ಲ ಅಲ್ವಾ, ನಂಬುವುದು ಹೇಗೆ? ಬ್ಯಾಟರಿ ಹಾಕಿದ ಮೇಲೆ ಬಯೋಸ್ (ಬೋರ್ಡ್‌ನ ಸ್ವಂತ ಸೆಟ್ಟಿಂಗ್) ಒಳಗೆ ಹೋಗಿ ತಾರೀಕು ಸರಿ ಮಾಡಿ. ಡಿಸ್ಕ್‌ನ ಸಾಟಾ ಸೆಟ್ಟಿಂಗ್ ಮೊದಲು ಹೇಗಿತ್ತೋ ಹಾಗೇ ಇದೆಯಾ ಅಂತಲೂ ನೋಡಿ, ಐಡಿಇ ಇದ್ದದ್ದು ಎಎಚ್‌ಸಿಐ ಆಗಿದ್ದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಮರೆತುಬಿಡಿ. ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆಯದು, ಅದು 2023ರಲ್ಲೇ ನಿಂತಿತು. ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ.

ಉತ್ತರ: ಸಿಎನ್‌ಸಿ ವರ್ಕ್‌ಶಾಪ್, ಬೆಳಗಾವಿ

ನಮ್ಮಲ್ಲಿ ಇನ್ನೂ ಹಳೆಯದು, ವಿಂಡೋಸ್ ಎಕ್ಸ್‌ಪಿ. ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷೀನ್‌ನ ಸಾಫ್ಟ್‌ವೇರ್ ಅದರ ಮೇಲೆ ಮಾತ್ರ ನಡೆಯುತ್ತದೆ. ಎಕ್ಸ್‌ಪಿ ಇಟ್ಟುಕೊಂಡವರಿಗೆ ನಾಲ್ಕು ಮಾತು. ಸರ್ವಿಸ್ ಪ್ಯಾಕ್ 3 ಇರಲಿ, ಡಬ್ಲ್ಯುಪಿಎ2 ಅದರಲ್ಲೇ ಸೇರಿದೆ. ವೈಫೈ ಕಾರ್ಡ್ ಕಂಪನಿಯ ಯುಟಿಲಿಟಿ ಮತ್ತು ವಿಂಡೋಸ್‌ನ ‘ವೈರ್‌ಲೆಸ್ ಝೀರೋ ಕಾನ್ಫಿಗರೇಷನ್’ ಸರ್ವಿಸ್ ಎರಡೂ ಒಟ್ಟಿಗೆ ಆನ್ ಇದ್ದರೆ ಇಬ್ಬರೂ ಜಗಳ ಆಡುತ್ತಾರೆ, ಒಂದನ್ನು ನಿಲ್ಲಿಸಿ. ಒಳಗಿನ ಲ್ಯಾನ್‌ಗೆ ಡ್ರೈವರ್ ಸಿಗಲೇ ಇಲ್ಲ ಅಂದರೆ ಹಳೆ ಸಾಮಾನಿನ ಅಂಗಡಿಯಲ್ಲಿ ರಿಯಲ್‌ಟೆಕ್ 8139 ಪಿಸಿಐ ಕಾರ್ಡ್ ಹುಡುಕಿ. ಅದರ ಡ್ರೈವರ್ ಎಕ್ಸ್‌ಪಿಯಲ್ಲೇ ಇದೆ, ಚುಚ್ಚಿದರೆ ಮುಗಿಯಿತು.

ಮುಖ್ಯ ಮಾತು ಇದು. ನಾವು ಆ ಮಷೀನ್‌ಗೆ ಇಂಟರ್ನೆಟ್ ಕೊಡುವುದೇ ಇಲ್ಲ. ಐಪಿ ವಿಳಾಸ ಕೈಯಿಂದ ಹಾಕುತ್ತೇವೆ, ಸಬ್‌ನೆಟ್ ಮಾಸ್ಕ್ ಹಾಕುತ್ತೇವೆ, ಹೊರಗೆ ಹೋಗುವ ದಾರಿಯಾದ ‘ಡಿಫಾಲ್ಟ್ ಗೇಟ್‌ವೇ’ ಖಾಲಿ ಬಿಡುತ್ತೇವೆ. ಒಳಗಿನ ಕಂಪ್ಯೂಟರ್‌ಗಳ ಜೊತೆ ಫೈಲ್ ಹಂಚಿಕೊಳ್ಳುತ್ತದೆ, ಹೊರಗೆ ಹೋಗುವುದಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ಮುಗಿದಿದೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಬಂದಾಗ ಅದು ಹರಡಿದ್ದು ಹಳೆ ಫೈಲ್ ಶೇರಿಂಗ್‌ನ ತೂತಿನಿಂದ, ಯಾರೂ ಯಾವ ಲಿಂಕ್ ಒತ್ತಬೇಕಿರಲಿಲ್ಲ. ಡಿಟಿಪಿ ಅಂಗಡಿಯವರು ಯೋಚನೆ ಮಾಡಿ. ನಿಮಗೆ ನಿಜವಾಗಿ ಬೇಕಿರುವುದು ಇಂಟರ್ನೆಟ್ಟಾ, ಅಥವಾ ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಈ ಕಂಪ್ಯೂಟರ್‌ಗೆ ಬರುವುದಾ?

ಕೇಳಿದವರು: ಡಿಟಿಪಿ ಅಂಗಡಿ, ಗದಗ ಕಡೆ

ಫೋಟೋ ಬಂದರೆ ಸಾಕು ಸರ್. ಮಗಳ ಲ್ಯಾಪ್‌ಟಾಪ್ ವಿಂಡೋಸ್ 11 ಅಂಗಡಿಯಲ್ಲೇ ಇರುತ್ತದೆ.

ಉತ್ತರ: ಸಿಎನ್‌ಸಿ ವರ್ಕ್‌ಶಾಪ್, ಬೆಳಗಾವಿ

ಹಾಗಾದರೆ ಗೇಟ್‌ವೇ ಖಾಲಿ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್, ಹಳೆಯದರಲ್ಲಿ ಒಂದು ಶೇರ್ ಫೋಲ್ಡರ್. ನಿಮ್ಮದು 7 ಆದ್ದರಿಂದ ಫೈಲ್ ಹಂಚುವ ವಿಧಾನ ಎಸ್‌ಎಂಬಿಯ 2ನೇ ಆವೃತ್ತಿ ಬರುತ್ತದೆ, ಹೊಸ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡುವ ಅಪಾಯದ ಕೆಲಸ ಬೇಡ, ಅದು ಎಕ್ಸ್‌ಪಿಯವರ ಕರ್ಮ. ಹಳೆ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇರುವ ಒಬ್ಬ ಯೂಸರ್ ಮಾಡಿ, ಲ್ಯಾಪ್‌ಟಾಪ್‌ನಿಂದ ಆ ಹೆಸರಲ್ಲೇ ಒಳಗೆ ಬನ್ನಿ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಅನ್ನು ಹೊಸ ವಿಂಡೋಸ್ ಬೇಡ ಅನ್ನುತ್ತದೆ. ನೆಟ್‌ವರ್ಕ್ ಯಾವುದು ಅಂತ ಕೇಳಿದಾಗ ‘ವರ್ಕ್’ ಆರಿಸಿ, ಪಬ್ಲಿಕ್ ಆರಿಸಿದರೆ ಫೈರ್‌ವಾಲ್ ಶೇರಿಂಗ್ ಮುಚ್ಚುತ್ತದೆ. ಮತ್ತೆ ಆ ಬಿಚ್ಚಿದ ಡ್ರೈವರ್ ಫೋಲ್ಡರ್ ಅನ್ನು ಡಿ ಡ್ರೈವ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಇಡಿ. ಫೋಲ್ಡರ್ ಹೆಸರಲ್ಲೇ ಐಡಿ ನಂಬರ್ ಬರೆಯಿರಿ, 10ಇಸಿ 8136 ವಿಂಡೋಸ್ 7 32 ಬಿಟ್ ಅಂತ.