ಬ್ಯಾಕ್‌ಸ್ವಿಂಗ್ ಆರಂಭವಾದ ಮೇಲೆ ಚೆಂಡು ಉರುಳಿದರೆ ದಂಡ ಉಂಟೇ?

ಪ್ರಶ್ನೆ:
ಗಾಲ್ಫ್ ನಿಯಮಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಕಳೆದ ಭಾನುವಾರ ಬೆಂಗಳೂರಿನ ಒಂದು ಮೈದಾನದಲ್ಲಿ ನಮ್ಮ ತಿಂಗಳ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳನ್ನು ಎಣಿಸುವ) ಸ್ಪರ್ಧೆಯಿತ್ತು. ಆಷಾಢದ ಗಾಳಿ, ತಲೆಯ ಮೇಲೆ ಟೋಪಿ ನಿಲ್ಲುತ್ತಿರಲಿಲ್ಲ. ಹನ್ನೊಂದನೇ ಹೋಲ್‌ನ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಆಟದ ಹಾದಿಯಲ್ಲಿ), ಏರಿನ ಮೇಲೆ ನಿಂತಿದ್ದ ಚೆಂಡಿನ ಹಿಂದೆ ಸೆವೆನ್ ಐರನ್ ಕ್ಲಬ್ ಇಟ್ಟು, ಹೊಡೆಯಲೆಂದು ಅದನ್ನು ಹಿಂದಕ್ಕೆ ಎತ್ತತೊಡಗಿದ (ಇದೇ ಬ್ಯಾಕ್‌ಸ್ವಿಂಗ್) ಕ್ಷಣದಲ್ಲೇ ಚೆಂಡು ಅರ್ಧ ಸುತ್ತು ಉರುಳಿತು. ಕೈ ತಡೆಯಲಾಗದೆ ಹೊಡೆದೇಬಿಟ್ಟೆ. ಚೆಂಡು ಬಂಕರ್ ಎಂಬ ಮರಳುಗುಂಡಿ ಸೇರಿತು. ಜೊತೆಗಿದ್ದ ಹಿರಿಯರು "ಚಲಿಸುವ ಚೆಂಡಿಗೆ ಹೊಡೆದಿದ್ದೀರಿ, ಎರಡು ಹೊಡೆತ ದಂಡ" ಎಂದರು. ಕ್ಲಬ್ಬುಗಳ ಚೀಲ ಹೊರುವ ಕ್ಯಾಡಿ "ಗಾಳಿ ಸಾರ್, ಏನೂ ಇಲ್ಲ" ಎಂದ. ನಾನು ಕ್ಯಾಡಿಯ ಮಾತು ನಂಬಿ, ದಂಡ ಸೇರಿಸದೆ ಅಂಕದ ಕಾರ್ಡ್ ಒಪ್ಪಿಸಿದೆ. ಯಾರದು ಸರಿ?

ಉತ್ತರ 1:
ಎರಡು ಹೊಡೆತದ ದಂಡ ಖಂಡಿತ ಇಲ್ಲ. ಚಲಿಸುತ್ತಿರುವ ಚೆಂಡಿಗೆ ಹೊಡೆಯಬಾರದೆಂಬ ನಿಯಮ 10.1ಡಿಯಲ್ಲಿಯೇ, ಬ್ಯಾಕ್‌ಸ್ವಿಂಗ್ ಆರಂಭವಾದ ನಂತರ ಚಲಿಸತೊಡಗಿದ ಚೆಂಡಿಗೆ ವಿನಾಯಿತಿಯಿದೆ. ಹಾಗೆ ಹೊಡೆದ ಮೇಲೆ ಚೆಂಡನ್ನು ಮೊದಲಿನ ಜಾಗಕ್ಕೆ ತಂದಿಡುವಂತಿಲ್ಲ. ಅದು ಹೋಗಿ ನಿಂತಲ್ಲಿಂದಲೇ, ಅಂದರೆ ನಿಮ್ಮ ಬಂಕರ್‌ನಿಂದಲೇ, ಆಡಬೇಕು. ಹಿರಿಯರು ಹೇಳಿದ ದಂಡ ಯಾವುದಕ್ಕೆಂದರೆ, 2018ರ ಯು.ಎಸ್. ಓಪನ್‌ನಲ್ಲಿ ಫಿಲ್ ಮಿಕಲ್ಸನ್ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು) ಮೇಲೆ ಉರುಳಿ ಹೋಗುತ್ತಿದ್ದ ತಮ್ಮದೇ ಚೆಂಡಿನ ಹಿಂದೆ ಓಡಿ ಮತ್ತೆ ಹೊಡೆದರಲ್ಲ, ಅಂಥದ್ದಕ್ಕೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಚೆಂಡನ್ನು ಕದಲಿಸಿದವರು ನೀವೇ ಆಗಿದ್ದರೆ, ಹೊಡೆತಕ್ಕಲ್ಲದಿದ್ದರೂ ಕದಲಿಸಿದ್ದಕ್ಕೆ ನಿಯಮ 9.4ರಂತೆ ಒಂದು ಹೊಡೆತ ದಂಡ ಬೀಳುತ್ತದೆ. ಗ್ರೀನ್ ಮೇಲೆ ಅಕಸ್ಮಾತ್ತಾಗಿ ಕದಲಿದರೆ ಈಗ ದಂಡವಿಲ್ಲ. 2016ರ ಯು.ಎಸ್. ಓಪನ್‌ನಲ್ಲಿ ಓಕ್‌ಮಾಂಟ್ ಮೈದಾನದ ಗ್ರೀನ್ ಮೇಲೆ ಡಸ್ಟಿನ್ ಜಾನ್ಸನ್ ಇದಕ್ಕೇ ಒಂದು ಹೊಡೆತ ತೆತ್ತರು, ತೆತ್ತೂ ಗೆದ್ದರು. ಫೇರ್‌ವೇಯಲ್ಲಿ ಆ ರಿಯಾಯಿತಿ ಇಲ್ಲ. ಆಟಗಾರನೇ ಕಾರಣವೆನ್ನಲು ಕನಿಷ್ಠ ಶೇ. 95ರಷ್ಟು ಖಚಿತವಿರಬೇಕು, ಅಷ್ಟು ಖಚಿತವಿಲ್ಲದೆ, ಬೇರೆ ಯಾರೂ ಕಾರಣರಲ್ಲದಿದ್ದರೆ, ಪ್ರಕೃತಿಯೇ ಕದಲಿಸಿತೆಂದು ತಿಳಿಯಬೇಕು. ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಎಂದರೆ ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಅದರ ಒತ್ತಾದ ಎಳೆಗಳ ಮೇಲೆ ಚೆಂಡು ಕುಳಿತಿದ್ದಾಗ ಹಿಂದೆ ಕ್ಲಬ್ ಊರಿದರೆ ಸಾಕು, ಆಸರೆ ತಪ್ಪಿ ಜಾರುವುದುಂಟು. ಆದ್ದರಿಂದ ಹೇಳಿ: ಕ್ಲಬ್ ಇಟ್ಟಾಗ ಚೆಂಡು ಅಲುಗಿತೇ? ಇಟ್ಟ ಎಷ್ಟು ಹೊತ್ತಿಗೆ ಉರುಳಿತು? ಗಾಳಿ ಯಾವ ಕಡೆಯಿಂದ?

ಪ್ರಶ್ನೆ ಕೇಳಿದವರು:
ಕ್ಲಬ್ಬಿನ ಅಡಿ ಹುಲ್ಲಿನ ತುದಿಗೆ ಸೋಕುವಷ್ಟೇ ಇಟ್ಟಿದ್ದೆ, ಚೆಂಡು ಅಲುಗಲಿಲ್ಲ. ಕಾಲು ಸರಿಪಡಿಸಿಕೊಂಡು, ಎರಡು ಬಾರಿ ಬಾವುಟದತ್ತ ನೋಡಿದ ಮೇಲೆ ಕ್ಲಬ್ ಎತ್ತಿದೆ. ಅಷ್ಟರಲ್ಲಿ ಪಶ್ಚಿಮದಿಂದ ಒಂದು ಬೀಸು ನೇರ ಮುಖಕ್ಕೆ ಬಡಿಯಿತು, ಕಣ್ಣಿಗೆ ಧೂಳೂ ಬಿತ್ತು. ಚೆಂಡು ಇಳಿಜಾರಿನ ಕಡೆಗೆ, ಹಿಂದಕ್ಕೆ ಉರುಳಿತು.

ಉತ್ತರ 2:
ಹಾಗಿದ್ದರೆ ದಂಡವಿಲ್ಲ. ಕ್ಲಬ್ ಇಟ್ಟ ಮೇಲೂ ಚೆಂಡು ಅಷ್ಟು ಹೊತ್ತು ಸ್ಥಿರವಾಗಿತ್ತು, ಬೀಸಿದ ಗಾಳಿ ಮತ್ತು ಇಳಿಜಾರು ಎರಡೂ ಅದನ್ನು ಒಂದೇ ಕಡೆಗೆ ನೂಕುತ್ತಿದ್ದವು. ನೀವೇ ಕಾರಣವೆಂದು ಶೇ. 95ರಷ್ಟು ಖಚಿತವಾಗಿ ಯಾರೂ ಹೇಳಲಾರರು. ಆದರೆ ಕಾರ್ಡ್ ಒಪ್ಪಿಸಿದ ರೀತಿಗೆ ನನ್ನ ಆಕ್ಷೇಪವಿದೆ. ದಂಡದ ಅರಿವೇ ಇಲ್ಲದೆ ಕಡಿಮೆ ಅಂಕ ಬರೆದಿದ್ದರೆ ಸಮಿತಿಯು ದಂಡವನ್ನಷ್ಟೇ ಸೇರಿಸುತ್ತದೆ. ದಂಡವಿರಬಹುದೆಂದು ಒಬ್ಬರು ಬಾಯಿಬಿಟ್ಟು ಹೇಳಿದ್ದಾಗಲೂ ಸಮಿತಿಯನ್ನು ಕೇಳದೆ ಕಾರ್ಡ್ ಕೊಟ್ಟು, ಆಮೇಲೆ ದಂಡ ನಿಜವೆಂದು ತಿಳಿದುಬಂದರೆ ಸ್ಪರ್ಧೆಯಿಂದಲೇ ಅನರ್ಹರಾಗುತ್ತೀರಿ. ಗಾಳಿಯ ಪುಣ್ಯದಿಂದ ನೀವು ಉಳಿದುಕೊಂಡಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾಳೆಯೇ ಸಮಿತಿಯವರಿಗೆ ನಡೆದದ್ದನ್ನೆಲ್ಲ ತಿಳಿಸುತ್ತೇನೆ, ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.