ಸ್ಪ್ಯಾನರ್ ತಾಗಿ ಶಾರ್ಟ್ ಆದ ಮೇಲೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ

ದಾರಿಹೋಕ:
ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆಲ್ಟ್ ಬಿಗಿ ಮಾಡುತ್ತಿದ್ದಾಗ ಸ್ಪ್ಯಾನರ್ ಜಾರಿ ಶಾರ್ಟ್ ಆಯಿತು. ದೊಡ್ಡ ಕಿಡಿ ಹಾರಿದ್ದನ್ನು ಬಿಟ್ಟರೆ ಹೊರನೋಟಕ್ಕೆ ಏನೂ ಸುಟ್ಟಿರಲಿಲ್ಲ, ಎಂಜಿನ್ ಕೂಡ ಎಂದಿನಂತೆ ಸ್ಟಾರ್ಟ್ ಆಯಿತು. ಆದರೆ ಅಂದಿನಿಂದ ಗಾಡಿ ಓಡಿಸಿದಷ್ಟೂ ಬ್ಯಾಟರಿ ಇಳಿಯುತ್ತಿದೆ. ಹೊಸ ಬ್ಯಾಟರಿ ಹಾಕಿಸಿದೆ, ಅದೂ ಮಲಗಿತು. ಫ್ಯೂಸ್ ಬಾಕ್ಸಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದ್ದೇನೆ, ಎಲ್ಲವೂ ಸರಿಯಾಗಿವೆ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವೂ ಆರಿದೆ. ದೀಪ ಆರಿದ್ದರೆ ಚಾರ್ಜಿಂಗ್ ಸರಿಯಿದೆ ಎಂದೇ ಅಲ್ಲವೇ? ಹಾಗಾದರೆ ಕರೆಂಟ್ ಹೋಗುತ್ತಿರುವುದಾದರೂ ಎಲ್ಲಿಗೆ?

ಹಳೇ ಡೀಸೆಲ್:
ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಅನುಮಾನವೇ ಬೇಡ. ಶಾರ್ಟ್ ಆದಾಗ ಮೊದಲು ಸಾಯುವುದು ಅದೇ. ಬ್ರಶ್ ಸಮೇತ ರೆಗ್ಯುಲೇಟರ್ ಬದಲಿಸಿ, ಸಮಸ್ಯೆ ಮುಗಿಯುತ್ತದೆ.

ಮಲ್ಟಿಮೀಟರ್:
ಬದಲಿಸುವ ಮೊದಲು ಅಳೆಯಿರಿ. ಗಾಡಿ ಯಾವುದು, ಸ್ಪ್ಯಾನರ್ ತಾಗಿದ್ದು ಯಾವ ಟರ್ಮಿನಲ್‌ಗೆ, ಆಗ ಎಂಜಿನ್ ಓಡುತ್ತಿತ್ತೇ ಎಂಬ ಮೂರನ್ನೂ ತಾವು ಬರೆದಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು ವೋಲ್ಟ್ ಇದೆ? ಸಾಮಾನ್ಯವಾಗಿ 13.8ರಿಂದ 14.5 ಇರಬೇಕು.

ದಾರಿಹೋಕ:
12.2 ಇದೆ, ಹೆಡ್‌ಲೈಟ್ ಹಾಕಿದರೆ 11.8ಕ್ಕೆ ಇಳಿಯುತ್ತದೆ. ಎಂಜಿನ್ ಆಫ್ ಆಗಿತ್ತು. ಬೆಲ್ಟ್ ಬಿಗಿ ಮಾಡುತ್ತಿದ್ದೆ ಎಂದ ಮೇಲೆ ಅದನ್ನು ಬೇರೆ ಹೇಳಬೇಕೇ? ಸ್ಪ್ಯಾನರ್ ಒಂದು ತುದಿ ಆಲ್ಟರ್ನೇಟರಿನ ದಪ್ಪ ವೈರಿನ ನಟ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ತಾಗಿತು.

ಹಳೇ ಡೀಸೆಲ್:
12.2 ಎಂದರೆ ಆಲ್ಟರ್ನೇಟರ್ ಏನನ್ನೂ ಉತ್ಪಾದಿಸುತ್ತಿಲ್ಲ ಎಂದಾಯಿತು. ರೆಗ್ಯುಲೇಟರ್ ಎಂದು ನಾನು ಮೊದಲೇ ಹೇಳಿದ್ದೆ. ಖಾತ್ರಿ ಬೇಕಿದ್ದರೆ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಳಚಿ ನೋಡಿ. ಎಂಜಿನ್ ನಿಂತುಹೋದರೆ ಆಲ್ಟರ್ನೇಟರ್ ಸತ್ತಿದೆ ಎಂದು ತಿಳಿಯಿರಿ.

ಮಲ್ಟಿಮೀಟರ್:
ದಯವಿಟ್ಟು ಹಾಗೆ ಮಾಡಬೇಡಿ. ಡೈನಮೋ ಕಾಲದ ಈ ಪರೀಕ್ಷೆಯನ್ನು ಇಂದಿನ ಗಾಡಿಯಲ್ಲಿ ಮಾಡಿದರೆ, ಚಾರ್ಜ್ ಆಗುತ್ತಿರುವ ಬ್ಯಾಟರಿ ಥಟ್ಟನೆ ಕಳಚಿಕೊಂಡು ವೋಲ್ಟೇಜ್ ಒಮ್ಮೆಲೇ ಹಾರಿ, ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡುಗಳನ್ನೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವನ್ನೂ ಒಟ್ಟಿಗೆ ಬಲಿ ತೆಗೆದುಕೊಳ್ಳಬಹುದು.

ಹಳೇ ಡೀಸೆಲ್:
ನಾನು ಎಷ್ಟೋ ಗಾಡಿಗಳಲ್ಲಿ ಹೀಗೆಯೇ ನೋಡಿದ್ದೇನೆ, ಯಾವುದೂ ಸುಟ್ಟಿಲ್ಲ. ಪುಸ್ತಕ ಓದಿ ರಿಪೇರಿ ಮಾಡುವವರಿಗೆ ಎಲ್ಲದಕ್ಕೂ ಭಯ.

ಎರಡು ಬ್ಯಾಟರಿ:
ನನ್ನ ಗಾಡಿಯಲ್ಲಿ 150 ಆಂಪಿಯರ್ ಆಲ್ಟರ್ನೇಟರ್, ಎರಡು ಬ್ಯಾಟರಿಗಳನ್ನು ಬೇರ್ಪಡಿಸಿಡುವ ಐಸೊಲೇಟರ್, ಎರಡನೆಯ ಬ್ಯಾಟರಿಗೆ ಪ್ರತ್ಯೇಕ ವೋಲ್ಟ್‌ಮೀಟರ್ ಎಲ್ಲವೂ ಇವೆ. ಹೀಗೆ ಮಾಡಿಸಿಕೊಂಡಿದ್ದರೆ ಒಂದು ಬ್ಯಾಟರಿ ಇಳಿದರೂ ದಾರಿಯಲ್ಲಿ ನಿಲ್ಲುವ ಪ್ರಸಂಗ ಬರುವುದಿಲ್ಲ.

ಮಲ್ಟಿಮೀಟರ್:
ಚಾರ್ಜೇ ಆಗದಿದ್ದರೆ ಎರಡೂ ಇಳಿಯುತ್ತವೆ. ದಾರಿಹೋಕರೇ, ಎಂಜಿನ್ ಆಫ್ ಇರುವಾಗ ಆ ದಪ್ಪ ವೈರಿನ ನಟ್‌ಗೂ ಬಾಡಿಗೂ ನಡುವೆ ಅಳೆಯಿರಿ. ಅನಂತರ ಎಂಜಿನ್ ಸ್ಟಾರ್ಟ್ ಮಾಡಿ, ರೇಸ್ ಮಾಡದೆ, ಅಲ್ಲಿಯೇ ಇನ್ನೊಮ್ಮೆ ಅಳೆದು ಕೂಡಲೇ ಆಫ್ ಮಾಡಿ. ಬ್ಯಾಟರಿ ದೀಪವನ್ನು ಕತ್ತಲಲ್ಲಿ ನೋಡಿ.

ದಾರಿಹೋಕ:
ಆಫ್ ಇರುವಾಗ ಸೊನ್ನೆ. ಓಡುವಾಗ 14.6. ದೀಪ ಕತ್ತಲಲ್ಲಿ ತೀರಾ ಮಸುಕಾಗಿ ಉರಿಯುತ್ತದೆ. ರಾತ್ರಿ ಅದನ್ನು ಗಮನಿಸಿದ್ದೆ, ಆದರೆ ಅದೊಂದು ವಿಷಯವೆಂದು ಅನ್ನಿಸಿರಲಿಲ್ಲ.

ಮಲ್ಟಿಮೀಟರ್:
ಅದೇ ಮುಖ್ಯ ವಿಷಯ. ಆ ನಟ್ ಬ್ಯಾಟರಿಯ ಪ್ಲಸ್‌ಗೆ ನೇರವಾಗಿ ಸೇರಿರುವುದರಿಂದ ಎಂಜಿನ್ ಆಫ್ ಇದ್ದಾಗಲೂ ಅಲ್ಲಿ 12 ವೋಲ್ಟಿನ ಆಸುಪಾಸು ಇರಲೇಬೇಕು. ಸೊನ್ನೆ ಎಂದರೆ ನಡುವಿನ ದಾರಿ ಕಡಿದಿದೆ. ಆಲ್ಟರ್ನೇಟರ್ 14.6 ಕೊಡುತ್ತಿದೆ, ಅದು ಬ್ಯಾಟರಿಗೆ ತಲುಪುತ್ತಿಲ್ಲ, ಅಷ್ಟೇ. ದೀಪದ ಒಂದು ಬದಿಗೆ ಬ್ಯಾಟರಿಯ 12.2, ಇನ್ನೊಂದು ಬದಿಗೆ ಆಲ್ಟರ್ನೇಟರಿನ 14.6 ಇರುವುದರಿಂದ ಆ ಎರಡೂವರೆ ವೋಲ್ಟಿನಷ್ಟು ವ್ಯತ್ಯಾಸದಲ್ಲಿ ಅದು ಮಿಣಮಿಣ ಉರಿಯುತ್ತಿದೆ. ಸುಟ್ಟಿರುವುದು ಬ್ಯಾಟರಿಯ ಬಳಿಯ ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ತಾನು ಸುಟ್ಟು ಕೇಬಲ್ ಕಾಯುವ ವೈರ್ ತುಂಡು) ಅಥವಾ ಅಲ್ಲಿ ಬೋಲ್ಟ್ ಮಾಡಿರುವ ದೊಡ್ಡ ಫ್ಯೂಸ್. ಅದು ನೀವು ತೆರೆದ ಫ್ಯೂಸ್ ಬಾಕ್ಸಿನಲ್ಲಿ ಇರಬೇಕೆಂದೇನಿಲ್ಲ. ಸ್ಟಾರ್ಟರಿನ ಕೇಬಲ್ ಬೇರೆಯಾದ್ದರಿಂದ ಎಂಜಿನ್ ಸ್ಟಾರ್ಟ್ ಆಗುತ್ತಿದೆ.

ಹಳೇ ಡೀಸೆಲ್:
ಇರಬಹುದು, ಆದರೂ ಡಯೋಡ್ ಮತ್ತು ರೆಗ್ಯುಲೇಟರ್ ಉಳಿದಿರಲಾರವು.

ಮಲ್ಟಿಮೀಟರ್:
ಎಂಜಿನ್ ಓಡುತ್ತಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ. ಆಫ್ ಆಗಿದ್ದಾಗ ಕರೆಂಟ್ ಬ್ಯಾಟರಿಯಿಂದ ಲಿಂಕ್ ಮೂಲಕ ನಟ್‌ಗೆ ಬಂದು, ಸ್ಪ್ಯಾನರ್ ದಾಟಿ ಬ್ಲಾಕಿಗೆ ಹೋಗಿದೆ. ಆಲ್ಟರ್ನೇಟರಿನ ಒಳಗೆ ಅದು ಹೊಕ್ಕೇ ಇಲ್ಲ. ಅಪಾಯವಿರುವುದು ಅನಂತರ, ಹೊರದಾರಿ ಕಡಿದ ಆಲ್ಟರ್ನೇಟರನ್ನು ಓಡಿಸುತ್ತಿರುವುದರಲ್ಲಿ. ಆದ್ದರಿಂದ ಇನ್ನು ಗಾಡಿ ತೆಗೆಯಬೇಡಿ.

ದಾರಿಹೋಕ:
ಬ್ಯಾಟರಿಯ ಮೈನಸ್ ಕಳಚಿ ಹುಡುಕಿದೆ. ಪ್ಲಸ್ ಟರ್ಮಿನಲ್‌ನಿಂದ ಹೊರಟ ವೈರಿನ ಒಂದು ಗೇಣಿನಷ್ಟು ಭಾಗದ ಹೊರಕವಚ ಸರಿಯಾಗಿಯೇ ಇದೆ, ಆದರೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ, ಒಳಗಿನ ತಂತಿ ಕರಗಿಹೋಗಿರಬೇಕು. ಸದ್ಯಕ್ಕೆ ಅಲ್ಲಿ ಒಂದು ದಪ್ಪ ವೈರ್ ಜೋಡಿಸಿದರೆ ಆಗುವುದಿಲ್ಲವೇ?

ಹಳೇ ಡೀಸೆಲ್:
ಆಗುತ್ತದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ.

ಮಲ್ಟಿಮೀಟರ್:
ಆಗುವುದಿಲ್ಲ. ಲಿಂಕ್ ವೈರ್ ತಾನು ಕಾಯುವ ಕೇಬಲ್‌ಗಿಂತ ಸಾಮಾನ್ಯವಾಗಿ ನಾಲ್ಕು ಗೇಜ್ (ವೈರಿನ ದಪ್ಪದ ಅಳತೆ) ತೆಳ್ಳಗಿರುತ್ತದೆ, ಮತ್ತು ಅದರ ಕವಚ ಬೆಂಕಿ ಹಿಡಿಯದಂಥದ್ದು. ದಪ್ಪ ವೈರ್ ಹಾಕಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ತಾಗಿದರೆ ಲಿಂಕಿನ ಬದಲು ಇಡೀ ವೈರಿಂಗ್ ಸುಡುತ್ತದೆ. ಅದೇ ಗೇಜಿನ, ಅದೇ ಉದ್ದದ ಲಿಂಕನ್ನೇ ತಂದು ಹಾಕಿ. ತಳ ಮುಟ್ಟಿದ ಬ್ಯಾಟರಿಯನ್ನು ಮೊದಲು ಚಾರ್ಜರ್‌ನಲ್ಲಿ ತುಂಬಿಸಿ. ಅದನ್ನು ಮೇಲೆತ್ತುವ ಭಾರವನ್ನು ಆಲ್ಟರ್ನೇಟರಿನ ಮೇಲೆ ಹೊರಿಸಬೇಡಿ. ಅನಂತರ ಮೀಟರನ್ನು ಎಸಿ ವೋಲ್ಟ್ ಅಳೆಯುವ ಗುರುತಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆಯಿರಿ: ಅರ್ಧ ವೋಲ್ಟ್ ಮೀರಿದರೆ ಡಯೋಡ್ ವಿಷಯದಲ್ಲಿ ಹಳೇ ಡೀಸೆಲ್ ಅವರ ಮಾತಿಗೆ ಬೆಲೆ ಬರುತ್ತದೆ. ಗಾಡಿ ಯಾವುದೆಂದು ಈಗಲಾದರೂ ತಿಳಿಸಿದರೆ ಲಿಂಕಿನ ಗೇಜ್ ಹೇಳಬಹುದು.

ಎರಡು ಬ್ಯಾಟರಿ:
ಲಿಂಕ್ ತೆಗೆದು ಬೋಲ್ಟ್ ಫ್ಯೂಸ್ ಹಾಕಿಸುವುದು ಉತ್ತಮ. ನನ್ನ ಗಾಡಿಯಲ್ಲಿ ಅಂಥವು ನಾಲ್ಕಿವೆ, ಚಿತ್ರ ಹಾಕಲೇ?