ಲೋಳೆಸರದ ಹಳದಿ ದ್ರವ: ಹಾಲೋ, ರಸವೋ, ಸೊನೆಯೋ?

ಪ್ರಶ್ನೆ: ಔಷಧ ಸಸ್ಯಗಳ ಕೈಪಿಡಿಯೊಂದರಲ್ಲಿ ‘ಅಲೋ ಲೇಟೆಕ್ಸ್’ (ಎಲೆ ಕೊಯ್ದಾಗ ಒಸರುವ ಹಳದಿ ದ್ರವ) ಎಂಬುದು ಒಂದು ಕಡೆ ‘ಲೋಳೆಸರದ ಹಾಲು’, ಇನ್ನೊಂದು ಕಡೆ ‘ಲೋಳೆಸರದ ರಸ’ ಎಂದಾಗಿದೆ. ಎಲೆಯೊಳಗಿನ ತಿಳಿ ಲೋಳೆಗೂ ‘ರಸ’ ಎಂದೇ ಬರೆದಿದ್ದಾರೆ. ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ: ಎರಡನ್ನೂ ಬಿಟ್ಟು ‘ಸೊನೆ’ ಎಂದು ಬರೆಯಿರಿ. ಎಕ್ಕ, ಕಳ್ಳಿಗಳಲ್ಲಿ ಹಾಲು ತುಂಬಿದ ನಾಳಗಳಿವೆ; ಲೋಳೆಸರದಲ್ಲಿ ಅಂಥವು ಇಲ್ಲ. ಎಲೆಯ ತೆಳುವಾದ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗಿನ ಹಸಿರು ಪದರ ಮುಗಿದು ತಿಳಿ ತಿರುಳು ಶುರುವಾಗುವಲ್ಲಿ ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಸಾಲಾಗಿ ಕಾಣುತ್ತವೆ. ಅವುಗಳ ಹೊರಮಗ್ಗುಲಲ್ಲಿ, ಆಹಾರ ಸಾಗಿಸುವ ಫ್ಲೋಯೆಮಿಗೆ ತಾಗಿಕೊಂಡು, ತೆಳುಗೋಡೆಯ ದೊಡ್ಡ ಕೋಶಗಳ ಗುಂಪು ಇರುತ್ತದೆ. ಎಲೆ ಕೊಯ್ದಾಗ ಒಸರುವ ಕಹಿ ದ್ರವ ಬರುವುದು ಅಲ್ಲಿಂದ. ‘ಸೊನೆ’ ಒಸರಿದ್ದನ್ನಷ್ಟೇ ಸೂಚಿಸುತ್ತದೆ, ಒಳಗಿನ ರಚನೆಯ ಬಗ್ಗೆ ತಪ್ಪು ಹೇಳುವುದಿಲ್ಲ.

‘ರಸ’ ಇನ್ನೂ ಅಪಾಯದ್ದು. ಸೊನೆಯಲ್ಲಿರುವುದು ಅಲೋಯಿನ್: ಅಲೋ-ಎಮೊಡಿನ್ ಆಂಥ್ರೋನ್ ಎಂಬ ಭೇದಿ ತರುವ ಅಣುವಿಗೆ ಗ್ಲೂಕೋಸ್ ನೇರ ಇಂಗಾಲದ ಬಂಧದಿಂದ ಸೇರಿದ ಸಂಯುಕ್ತ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಬಂಧ ಮುರಿದ ಮೇಲೆ ಭೇದಿಯಾಗುತ್ತದೆ, ಹೊಟ್ಟೆ ನುಲಿಯುತ್ತದೆ. ಗರ್ಭಿಣಿಯರಿಗೆ ಇದು ಕೂಡದು. ಲೋಳೆಯಾದರೋ ಶೇ. 98ಕ್ಕಿಂತ ಹೆಚ್ಚು ನೀರು, ಉಳಿದದ್ದರಲ್ಲಿ ಅಸೆಮನ್ನಾನ್ ಮುಂತಾದ ಪಾಲಿಸ್ಯಾಕರೈಡುಗಳು (ಸಕ್ಕರೆ ಘಟಕಗಳ ಉದ್ದ ಸರಪಳಿಗಳು). ‘ರಸ ತೆಗೆಯಿರಿ’ ಎಂದು ಓದಿದವರು ಇಡೀ ಎಲೆಯನ್ನು ಹಿಂಡಿದರೆ ಎರಡೂ ಬೆರೆತೇ ಹೋಗುತ್ತವೆ. ಆದ್ದರಿಂದ ವಿಧಾನವನ್ನು ಬಿಡಿಸಿ ಬರೆಯಬೇಕು: ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ 10–15 ನಿಮಿಷ ನಿಲ್ಲಿಸಿ ಸೊನೆ ಬಸಿಯಿರಿ, ಮುಳ್ಳಿನ ಅಂಚು ತೆಗೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ತಿರುಳನ್ನು ತೊಳೆಯಿರಿ. ಸಿಪ್ಪೆ ತೆಳುವಾಗಿ ಹೋದರೆ ಕೂರ್ಚಗಳು ತಿರುಳಿಗೇ ಅಂಟಿ ಉಳಿಯುತ್ತವೆ, ತಿರುಳು ಕಹಿಯಾಗುತ್ತದೆ.

ಕೈಪಿಡಿಯಲ್ಲಿ ಅಲೋಯಿನ್‌ನಂಥ ಸಂಯುಕ್ತಗಳನ್ನು ಪತ್ತೆಮಾಡುವ ಬಾರ್ನ್‌ಟ್ರೇಗರ್ ಪರೀಕ್ಷೆ ಇದ್ದರೆ ಅದನ್ನೂ ನೋಡಿ. ಇಂಗಾಲದ ಬಂಧ ಬರೀ ಆಮ್ಲಕ್ಕೆ ಜಗ್ಗುವುದಿಲ್ಲ. ಸಾರಗುಂದಿದ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಫೆರಿಕ್ ಕ್ಲೋರೈಡ್ ಹಾಕಿ ಕಾಯಿಸಿದ ಮೇಲೆಯೇ ಅಮೋನಿಯಾ ಪದರ ಗುಲಾಬಿಯಾಗುವುದು. ‘ಆಮ್ಲದಲ್ಲಿ ಕುದಿಸಿ’ ಎಂದಷ್ಟೇ ಇದ್ದರೆ ಅಲೋಯಿನ್ ಇದ್ದೂ ಇಲ್ಲವೆಂದು ತೋರುತ್ತದೆ.

ಒಣಗಿಸಿದ ಸೊನೆಗೆ ‘ಕರಿಬೋಳ’ ಎಂಬ ಹೆಸರು ಇದ್ದೇ ಇದೆ, ಹೊಸದು ಬೇಡ. ಸೊನೆಯ ಕೋಶಗಳನ್ನು ‘ಗ್ರಂಥಿ’ ಎನ್ನುವ ಬದಲು ‘ಅಲೋಯಿನ್ ಕೋಶ’ ಎನ್ನಬಹುದು. ‘ಗ್ರಂಥಿರೋಮ’ (ದ್ರವ ಸ್ರವಿಸುವ ಸೂಕ್ಷ್ಮ ಕೂದಲು) ತುಳಸಿಯಂಥ ಗಿಡಗಳಿಗಿರಲಿ. ಅಲ್ಲಿ ತೈಲ ಎಲೆಯ ಮೇಲ್ಮೈಯ ರೋಮದ ತಲೆಯಲ್ಲಿ, ಹೊರಪೊರೆಯಡಿ ಕೂಡಿರುತ್ತದೆ.